ಧೂಳುನುಸಿ ಅಲರ್ಜಿ

ಧೂಳುನುಸಿ ಅಲರ್ಜಿ ಎಂಬುದು ಮನೆಯ ಧೂಳಿನಲ್ಲಿ ವಾಸಿಸುವ ಸೂಕ್ಷ್ಮ ನುಸಿಗಳ ಹಿಕ್ಕೆ ಮತ್ತು ಒಡಲಿನ ಚೂರುಗಳಿಗೆ ದೇಹದ ರೋಗನಿರೋಧಕ ವ್ಯವಸ್ಥೆಯು ತೋರುವ ಅತಿಯಾದ ಪ್ರತಿಕ್ರಿಯೆ. ಮನುಷ್ಯರಲ್ಲಿ ಇದು ಸೀನು, ನೆಗಡಿ, ಉಬ್ಬಸ ಹಾಗೂ ಇಸುಬಿನ ರೂಪದಲ್ಲಿ, ನಾಯಿಗಳಲ್ಲಿ ಮುಖ್ಯವಾಗಿ ಚರ್ಮದ ತುರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಇದು ಅಂಟುರೋಗವಲ್ಲ. ಕಜ್ಜಿಯನ್ನು ಉಂಟುಮಾಡುವ ನುಸಿ ಬೇರೆ, ಧೂಳಿನ ನುಸಿ ಬೇರೆ.

ನುಸಿಯ ಸ್ವರೂಪ

ಧೂಳುನುಸಿಯು ಕೀಟವಲ್ಲ, ಎಂಟು ಕಾಲುಗಳುಳ್ಳ, ಜೇಡ ಮತ್ತು ಉಣ್ಣಿಗಳ ಬಳಗದ ಜೀವಿ. ಉದ್ದ ಸುಮಾರು 0.2ರಿಂದ 0.3 ಮಿಲಿಮೀಟರ್. ಡರ್ಮಟೊಫಗಾಯ್ಡಿಸ್ ಟೆರೊನಿಸಿನಸ್ ಮತ್ತು ಡರ್ಮಟೊಫಗಾಯ್ಡಿಸ್ ಫರೀನೆ ಇದರ ಪ್ರಮುಖ ಪ್ರಭೇದಗಳು. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಮನುಷ್ಯರ ಮತ್ತು ಸಾಕುಪ್ರಾಣಿಗಳ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ನೀರನ್ನು ಕುಡಿಯದೆ ಗಾಳಿಯ ತೇವವನ್ನೇ ಹೀರಿಕೊಳ್ಳುವುದರಿಂದ, ಗಾಳಿಯ ಸಾಪೇಕ್ಷ ತೇವಾಂಶವು ಶೇ. 50ಕ್ಕಿಂತ ಕೆಳಗೆ ಬಹುಕಾಲ ಉಳಿದರೆ ಒಣಗಿ ಸಾಯುತ್ತದೆ. ಬೀದರ್ ಜಿಲ್ಲೆಯಂಥ ಒಣ ಪ್ರಸ್ಥಭೂಮಿಯಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು ನುಸಿಗೆ ಪ್ರತಿಕೂಲ, ಮಳೆಗಾಲ ಅನುಕೂಲ. ಆದರೆ ನುಸಿ ಸತ್ತ ಮೇಲೂ ಅದರ ಹಿಕ್ಕೆ ಹಾಸಿಗೆಯಲ್ಲೇ ಉಳಿದು ಅಲರ್ಜಿಯನ್ನು ಕೆರಳಿಸಬಲ್ಲದು.

ಧೂಳಿನ ಅಲರ್ಜಿಗೆ ಈ ನುಸಿಯೇ ಪ್ರಮುಖ ಕಾರಣವೆಂಬುದನ್ನು 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದ ವೂರ್ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಮನುಷ್ಯರಲ್ಲಿ ಮತ್ತು ನಾಯಿಗಳಲ್ಲಿ

ಎರಡೂ ಜೀವಿಗಳಲ್ಲಿ ಐಜಿಇ ಎಂಬ ಪ್ರತಿಕಾಯವು ಈ ಪ್ರತಿಕ್ರಿಯೆಯಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಾಡುವುದು ನುಸಿಯ ಹಿಕ್ಕೆಯಲ್ಲಿರುವ ಜೀರ್ಣಕಾರಿ ಪ್ರೋಟೀನು. ಅಲರ್ಜಿಯುಳ್ಳ ನಾಯಿಗಳು ಬಹುಮಟ್ಟಿಗೆ ಫರೀನೆ ಪ್ರಭೇದದ ಗಾತ್ರದಲ್ಲಿ ದೊಡ್ಡದಾದ ಬೇರೆ ಪ್ರೋಟೀನುಗಳಿಗೆ ಪ್ರತಿಕ್ರಿಯಿಸುತ್ತವೆ. ನಾಯಿಗಳಲ್ಲಿ ತೊಂದರೆಯು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಆರಂಭವಾಗುತ್ತದೆ. ನಾಯಿ ಪಾದಗಳನ್ನು ಎಡೆಬಿಡದೆ ನೆಕ್ಕುತ್ತದೆ, ಮುಖವನ್ನು ನೆಲಕ್ಕೆ ಉಜ್ಜುತ್ತದೆ. ಕಿವಿ, ಕಂಕುಳು, ಹೊಟ್ಟೆ ಕೆಂಪಾಗುತ್ತವೆ. ಕೆರೆದ ಜಾಗದಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಸೇರಿ ದುರ್ವಾಸನೆ ಬರುತ್ತದೆ, ಕೂದಲು ಉದುರುತ್ತದೆ.

ಈ ಹಂತದಲ್ಲಿ ಜನರು ಅದನ್ನು ಕಜ್ಜಿನಾಯಿ ಎಂದು ಕರೆದು ಹೊರಗಟ್ಟುವುದುಂಟು. ನಮ್ಮ ಭಾಷೆಯಲ್ಲಿ ಆ ಪದ ಬೈಗುಳವೂ ಆಗಿರುವುದು ಪಾಪದ ಪ್ರಾಣಿಯ ದುರದೃಷ್ಟ.

ಕಜ್ಜಿಯಿಂದ ವ್ಯತ್ಯಾಸ

ಕಜ್ಜಿಯನ್ನು ತರುವ ಸಾರ್ಕೊಪ್ಟಿಸ್ ನುಸಿಯು ಚರ್ಮವನ್ನು ಕೊರೆದು ಅದರೊಳಗೇ ಮೊಟ್ಟೆಯಿಡುತ್ತದೆ ಮತ್ತು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ನಾಯಿಯಲ್ಲಿ ಕಿವಿಯ ಅಂಚು ಹಾಗೂ ಮೊಣಕೈ, ಮನುಷ್ಯರಲ್ಲಿ ಬೆರಳುಗಳ ಸಂದು ಇದರ ನೆಚ್ಚಿನ ತಾಣ. ರಾತ್ರಿ ತುರಿಕೆ ಹೆಚ್ಚು, ಮನೆಯ ಹಲವರಿಗೆ ಒಟ್ಟಿಗೇ ಬರುವುದೂ ಸಾಮಾನ್ಯ. ನಾಯಿಯ ಕಜ್ಜಿನುಸಿಯು ಮನುಷ್ಯರಿಗೆ ತಾತ್ಕಾಲಿಕ ತುರಿಕೆ ತರಬಹುದು, ಆದರೆ ಅವರ ಮೈಮೇಲೆ ನೆಲೆಯೂರುವುದಿಲ್ಲ.

ವ್ಯತ್ಯಾಸವನ್ನು ಅರಿಯದಿದ್ದರೆ ಎರಡು ಬಗೆಯ ಅನಾಹುತಗಳಾಗುತ್ತವೆ. ಕಜ್ಜಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ತಗ್ಗಿದಂತೆ ಕಂಡು, ನುಸಿಗಳು ಒಳಗೆ ಹೆಚ್ಚುತ್ತವೆ. ಅಲರ್ಜಿಯಿರುವ ನಾಯಿಗೆ ಸೀಮೆಎಣ್ಣೆ, ವಾಹನಗಳ ಸುಟ್ಟ ಎಣ್ಣೆ ಅಥವಾ ಬೆಳೆಗೆ ಸಿಂಪಡಿಸುವ ಔಷಧ ಬಳಿದರೆ, ಅದನ್ನು ನೆಕ್ಕುವ ನಾಯಿಗೆ ವಿಷವೇರಬಹುದು, ಅಲರ್ಜಿಯಂತೂ ಹೋಗುವುದಿಲ್ಲ.

ಪರೀಕ್ಷೆ ಮತ್ತು ಚಿಕಿತ್ಸೆ

ಚರ್ಮದ ಚುಚ್ಚುಪರೀಕ್ಷೆ ಅಥವಾ ರಕ್ತಪರೀಕ್ಷೆಯಿಂದ ಅಲರ್ಜಿಕಾರಕವನ್ನು ಗುರುತಿಸಬಹುದು. ಆರೋಗ್ಯವಂತರಲ್ಲೂ ಪರೀಕ್ಷೆ ಧನಾತ್ಮಕವಾಗಬಹುದಾದ್ದರಿಂದ, ನಾಯಿಗಳಲ್ಲಿ ಚಿಗಟ, ಕಜ್ಜಿ ಮತ್ತು ಆಹಾರದ ಅಲರ್ಜಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ಔರಾದ ತಾಲ್ಲೂಕಿನ ಎಕಂಬಾ ಮೊದಲಾದ ಹಳ್ಳಿಗಳವರಿಗೆ ತಮ್ಮ ಜಿಲ್ಲೆಯಲ್ಲಿರುವ ಉನ್ನತ ಪಶುವೈದ್ಯ ಸಂಸ್ಥೆಯೆಂದರೆ ಬೀದರಿನ ನಂದಿನಗರದಲ್ಲಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಮಹಾವಿದ್ಯಾಲಯ.

ತುರಿಕೆಯನ್ನು ತಡೆಯುವ ಔಷಧಗಳಿವೆ. ನಾಯಿಗಳಿಗೆ ಓಕ್ಲಾಸಿಟಿನಿಬ್ ಅಂಥದೊಂದು. ಅಲರ್ಜಿಕಾರಕವನ್ನೇ ಅಲ್ಪ ಪ್ರಮಾಣದಿಂದ ಕ್ರಮೇಣ ಹೆಚ್ಚಿಸುತ್ತ ಕೊಡುವ ಚಿಕಿತ್ಸೆಯೂ ಉಂಟು, ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬೇಕಾಗುತ್ತದೆ.

ಮನೆಯಲ್ಲಿ ಎಚ್ಚರಿಕೆ

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಉತ್ತರ ಕರ್ನಾಟಕದ ಕೌದಿ, ಹತ್ತಿಯ ಗಾದಿ ಇವು ನುಸಿಗೆ ಒಳ್ಳೆಯ ನೆಲೆಗಳು. 55–60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ತಣ್ಣೀರು ಹಿಕ್ಕೆಯನ್ನು ತೊಳೆಯುತ್ತದೆಯಷ್ಟೆ. ಮಹಾನವಮಿಗೆ ಮುನ್ನ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಬಿಸಿಲಿಗೆ ಹರವುವ ರೂಢಿ ಮಳೆಗಾಲದ ಕೊನೆಗೆ ಬರುವುದರಿಂದ ಈ ದೃಷ್ಟಿಯಿಂದ ಬಹಳ ಉಪಯುಕ್ತ, ಆದರೆ ವರ್ಷಕ್ಕೊಮ್ಮೆ ಸಾಲದು. ಕೌದಿಯನ್ನು ಕೋಣೆಯೊಳಗೆ ಕೊಡವಬಾರದು. ಜೋಳ, ತೊಗರಿಯ ಚೀಲಗಳನ್ನು ಮಲಗುವ ಕೋಣೆಯಲ್ಲಿ ಇಡದಿರುವುದು ಮೇಲು. ದಾಸ್ತಾನು ಧಾನ್ಯದಲ್ಲಿ ಬೆಳೆಯುವ ಬೇರೆ ನುಸಿಗಳೂ ಇದೇ ಅಲರ್ಜಿಯನ್ನು ಕೆರಳಿಸಬಲ್ಲವು. ನಾಯಿ ಮಲಗುವ ಗೋಣಿತಟ್ಟನ್ನು ವಾರಕ್ಕೊಮ್ಮೆ ಒಗೆದು ಒಣಗಿಸಬೇಕು, ಹಳೆಯದಾದರೆ ಬದಲಿಸಬೇಕು.