ವರೋವಾ ನುಸಿಯೂ ಫಾರ್ಮಿಕ್ ಆಮ್ಲವೂ

ರೋಗಗಳಿಗೂ ಇತಿಹಾಸವುಂಟೆಂಬುದಕ್ಕೆ ಜೇನುಸಾಕಣೆಯು ಒಳ್ಳೆಯ ನಿದರ್ಶನ. ಗಂಗಾವತಿಯ ನೀರಾವರಿ ಬತ್ತವು ಜೇನಿಗೆ ಮಕರಂದವನ್ನು ಕೊಡಲಾರದು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಸೂರ್ಯಕಾಂತಿಯಾದರೋ ಮಕರಂದವನ್ನು ಕೊಡುವುದಲ್ಲದೆ, ತಾನು ಕಾಳುಕಟ್ಟುವುದಕ್ಕೆ ಬಹುಮಟ್ಟಿಗೆ ಜೇನುನೊಣವನ್ನೇ ಅವಲಂಬಿಸಿದೆ. ಆದುದರಿಂದ ಜೇನುಕುಟುಂಬಗಳ ಆರೋಗ್ಯವು ಇಲ್ಲಿ ಒಕ್ಕಲಿಗನ ಪ್ರಶ್ನೆಯೂ ಹೌದು.

ಪೆಟ್ಟಿಗೆಗಳಲ್ಲಿ ಸಾಕುವ ಜೇನು ಎರಡು ಬಗೆ: ನಮ್ಮ ತುಡುವೆ ಮತ್ತು ಯುರೋಪಿನ ಮೆಲ್ಲಿಫೆರಾ. ವರೋವಾ ಕುಲದ ನುಸಿಯನ್ನು ಡಚ್ ವಿದ್ವಾಂಸ ಔಡೆಮಾನ್ಸರು 1904ರಲ್ಲಿ ಜಾವಾದ ತುಡುವೆಯಿಂದ ಪಡೆದು ವರ್ಣಿಸಿದರು. ತುಡುವೆಗೂ ಈ ನುಸಿಗೂ ಬಹುಕಾಲದ ಸಹವಾಸ. ತುಡುವೆಯ ಗೂಡಿನಲ್ಲಿ ನುಸಿಯು ಮುಖ್ಯವಾಗಿ ಗಂಡುಮರಿಗಳ ಕೋಶದಲ್ಲಿ ಮಾತ್ರ ವೃದ್ಧಿಯಾಗುತ್ತದೆ. ನೊಣಗಳು ಮೈಗೆ ಹತ್ತಿದ ನುಸಿಯನ್ನು ಕಿತ್ತೂ ಹಾಕುತ್ತವೆ. ಮೆಲ್ಲಿಫೆರಾ ಭಾರತದಲ್ಲಿ ನೆಲೆಯೂರಿದ್ದು 1960ರ ದಶಕದಲ್ಲಿ, ಈಗಿನ ಹಿಮಾಚಲ ಪ್ರದೇಶದ ನಗ್ರೋಟಾದ ಪ್ರಯೋಗಗಳಿಂದ. ಅದಕ್ಕೆ ಈ ಹಳೆಯ ಪರಿಚಯವಿಲ್ಲ. ಅದರ ಕೆಲಸಗಾರ ಮರಿಗಳಲ್ಲಿಯೂ ನುಸಿ ಬೆಳೆಯುತ್ತದೆ. ರೆಕ್ಕೆ ಮುರುಟಿದ ನೊಣಗಳು ಹುಟ್ಟಿ, ಕುಟುಂಬವು ಕ್ರಮೇಣ ಕ್ಷಯಿಸುತ್ತದೆ. ಹೀಗೆ ಹಾನಿಮಾಡುವ ಜಾತಿಯು ಬೇರೆಯೆಂದು ನಿರ್ಧಾರವಾಗಿ, ಅದಕ್ಕೆ 2000ದಲ್ಲಿ ‘ವರೋವಾ ಡಿಸ್ಟ್ರಕ್ಟರ್’ ಎಂದು ಹೆಸರಾಯಿತು.

ಇದರ ನಿವಾರಣೆಗೆ ಬಳಸುವ ಫಾರ್ಮಿಕ್ ಆಮ್ಲವು ಇರುವೆಯ ವಿಷದಲ್ಲಿರುವ ದ್ರವ್ಯವೇ; ಲ್ಯಾಟಿನ್ನಿನಲ್ಲಿ ‘ಫಾರ್ಮಿಕಾ’ ಎಂದರೆ ಇರುವೆ. ಸಣ್ಣ ಸೀಸೆಯಲ್ಲಿ ಬತ್ತಿಯಿಟ್ಟೋ, ಆಮ್ಲವನ್ನು ಹೀರಿದ ಪಟ್ಟಿಯಿಟ್ಟೋ ಅದನ್ನು ಪೆಟ್ಟಿಗೆಯೊಳಗೆ ಮೆಲ್ಲನೆ ಆವಿಯಾಗಗೊಡುತ್ತಾರೆ. ಮರಿಕೋಶದ ಮೇಣದ ಮುಚ್ಚಳವನ್ನು ದಾಟಿ ಒಳಗಿನ ನುಸಿಯನ್ನೂ ಕೊಲ್ಲುವುದು ಈ ಆವಿಯ ವಿಶೇಷ ಗುಣ. ಇತರ ಔಷಧಿಗಳಲ್ಲಿ ಹೆಚ್ಚಿನವು ನೊಣದ ಮೈಮೇಲಿನ ನುಸಿಯನ್ನಷ್ಟೇ ಮುಟ್ಟುತ್ತವೆ.

ಆದರೆ ತಂಪುದೇಶಗಳಲ್ಲಿ ರೂಢವಾದ ಈ ಕ್ರಮವನ್ನು ಇಲ್ಲಿ ವಿಚಾರಿಸದೆ ಅನುಸರಿಸುವುದು ಅಪಾಯಕರ. ಉಷ್ಣತೆಯು ಸುಮಾರು 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಆಮ್ಲವು ಬೇಗ ಆವಿಯಾಗಿ, ಮರಿಗಳೂ ಕೆಲವೊಮ್ಮೆ ರಾಣಿಯೂ ಸಾಯುತ್ತವೆ. ಕೊಪ್ಪಳದ ಬೇಸಗೆ 40 ಡಿಗ್ರಿಯನ್ನು ಮುಟ್ಟುವಂಥದು. ತಕ್ಕ ಕಾಲವೆಂದರೆ ಚಳಿಗಾಲ. ಹಿಂಗಾರಿನ ಸೂರ್ಯಕಾಂತಿ ಅರಳುವುದೂ ಆಗಲೇ. ಆದ್ದರಿಂದ ಹೂವಿಗೆ ಮುಂಚೆ, ಇಲ್ಲವೆ ತುಪ್ಪ ತೆಗೆದ ಬಳಿಕ, ತಂಪಾದ ದಿನಗಳನ್ನು ನೋಡಿ ಈ ಚಿಕಿತ್ಸೆ ಮಾಡತಕ್ಕದ್ದು. ಆಮ್ಲವು ಚರ್ಮವನ್ನು ಸುಡುವುದರಿಂದ ಕೈಗವಸು, ಕನ್ನಡಕಗಳು ಅವಶ್ಯ.

ತುಡುವೆಗೆ ರೋಗವೇ ಇಲ್ಲವೆಂದು ಇದರ ಅರ್ಥವಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಾಣುವು ಕರ್ನಾಟಕದ ತುಡುವೆಯನ್ನು ಬಹುವಾಗಿ ನಾಶಮಾಡಿತು. ವರೋವಾದ ಮಟ್ಟಿಗೆ ಮಾತ್ರ, ತುಡುವೆಯು ದೀರ್ಘ ಸಹವಾಸದಿಂದ ಪಡೆದ ರಕ್ಷಣೆಯನ್ನು ಮೆಲ್ಲಿಫೆರಾಕ್ಕೆ ಸಾಕುವವನೇ ಮತ್ತೆ ಮತ್ತೆ ಒದಗಿಸಬೇಕಾಗಿದೆ.