ಆರು ವರ್ಷಕ್ಕೆ ಮೊದಲೇ ಸಿಗಬೇಕಾದ ಶಾಲೆ

ಮೂರು ತುಂಬಿದರೂ ಮಗು ಮಾತಾಡದಿದ್ದರೆ ಮನೆಯ ಹಿರಿಯರು, ‘ಇವನ ಅಪ್ಪನೂ ತಡವಾಗೇ ಮಾತಾಡಿದ್ದು, ಸುಮ್ಮನಿರವ್ವಾ’ ಎಂದು ಸಮಾಧಾನ ಹೇಳುತ್ತಾರೆ. ಮಿದುಳು ಅತಿ ಚುರುಕಾಗಿ ಬೆಳೆಯುವ ವರ್ಷಗಳು ಆ ಸಮಾಧಾನದಲ್ಲೇ ಕಳೆದುಹೋಗುತ್ತವೆ. ಇಂಥ ಮಗುವನ್ನು ಎಲ್ಲಿಗೆ ಕಳಿಸುವುದು ಎಂದು ಕೇಳುವ ತಂದೆತಾಯಿಗೆ ಮೊದಲು ತೋರಿಸಬೇಕಾದದ್ದು ಅವರದೇ ಊರಿನ ಅಂಗನವಾಡಿಯನ್ನು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಆ ಪಟ್ಟಿಯಲ್ಲಿ ನಮ್ಮ ತಿ. ನರಸೀಪುರವೂ ಇತ್ತು. ಈಗ ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೂ ಎಷ್ಟೋ ಕಡೆ ವಿಕಲಚೇತನ ಮಗುವಿನ ಹೆಸರು ದಾಖಲೆಯಲ್ಲಿರುತ್ತದೆ, ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ, ಮಗು ಮಾತ್ರ ಬರುವುದಿಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದಿವ್ಯಾಂಗ ಮಕ್ಕಳಿಗೆಂದೇ ಅಂಗನವಾಡಿ ಪ್ರೋಟೊಕಾಲ್ ಹೊರತಂದಿತು. ಬೆಳವಣಿಗೆಯ ತೊಡಕನ್ನು ಬೇಗ ಗುರುತಿಸುವುದು, ಮಗುವನ್ನು ಉಳಿದವರ ಜೊತೆ ಕೂರಿಸಿಕೊಂಡು ಮನೆಯವರಿಗೆ ಆಸರೆಯಾಗುವುದು, ಬೇಕಾದಾಗ ವೈದ್ಯರಲ್ಲಿಗೆ ಕಳಿಸುವುದು ಅದರ ಸಾರ. ಗುರುತಿಸುವ ಕೆಲಸಕ್ಕೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳಿವೆ. ಅವು ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು. ಅಲ್ಲಿಂದ ಮುಂದಕ್ಕೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರ.

ಜೊತೆಗೆ ಕೂರಿಸಿಕೊಳ್ಳಲು ದೊಡ್ಡ ಖರ್ಚೇನೂ ಬೇಕಿಲ್ಲ. ಕುತ್ತಿಗೆ, ಬೆನ್ನು ನಿಲ್ಲದ ಸೆರೆಬ್ರಲ್ ಪಾಲ್ಸಿಯ ಮಗುವನ್ನು ಎರಡು ಗೋಡೆ ಸೇರುವ ಮೂಲೆಯಲ್ಲಿ ದಿಂಬಿನ ಆಸರೆ ಕೊಟ್ಟು ಕೂರಿಸಿದರೆ ಕೈಗಳು ಆಟಕ್ಕೆ ಬಿಡುವಾಗುತ್ತವೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಉಪ್ಪಿಟ್ಟನ್ನು ತಾನೇ ತಿನ್ನಲು ಕಲಿಯುತ್ತದೆ. ಕಿವಿ ಮಂದವಿರುವ ಮಗು ಮುಂದಿನ ಸಾಲಿನಲ್ಲಿರಬೇಕು. ಕಿಟಕಿಯ ಬೆಳಕು ಟೀಚರ್ ಮುಖದ ಮೇಲೆ ಬೀಳುವಂತಿದ್ದರೆ ತುಟಿಯ ಚಲನೆ ಅದಕ್ಕೆ ಕಾಣುತ್ತದೆ. ಆಟಿಸಂ ಇರುವ ಮಗುವಿಗೆ ಹಾಡು, ಊಟ, ಮನೆ ಎಂದು ದಿನದ ಕ್ರಮವನ್ನು ಚಿತ್ರಗಳಲ್ಲಿ ಗೋಡೆಗೆ ಅಂಟಿಸಿದರೆ ಗಾಬರಿ ಕಡಿಮೆಯಾಗುತ್ತದೆ. ಇನ್ನು ಪಕ್ಕದಲ್ಲಿ ಕೂತ ಮಕ್ಕಳು! ಅವರು ಯಾರೂ ಹೇಳಿಕೊಡದೆಯೇ ಚೆಂಡನ್ನು ನಿಧಾನವಾಗಿ ಉರುಳಿಸಬಲ್ಲರು. ಈ ಸಹವಾಸವನ್ನು ಯಾವ ಚಿಕಿತ್ಸಾ ಕೊಠಡಿಯೂ ಕೊಡಲಾರದು.

ಹಾಗೆಂದು ತಜ್ಞರ ನೆರವು ಬೇಡವೆಂದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಯಲ್ಲಿ ತಾಯಂದಿರೂ ಮಗುವಿನೊಂದಿಗೆ ಕಲಿಯುತ್ತಾರೆ. ಬೆಂಗಳೂರಿನಲ್ಲಿ 1959ರಿಂದ ದುಡಿಯುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1980ರಲ್ಲಿ ಆರಂಭವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕಗಳೂ ಇವೆ. ಅಲ್ಲಿ ಕಲಿತದ್ದು ಊರಿನ ಅಂಗನವಾಡಿಯಲ್ಲಿ ಮುಂದುವರಿದಾಗಲೇ ಫಲ.

ನೋವಿನ ಸಂಗತಿ ಕಾನೂನಿನದು. ಉಚಿತ ಶಿಕ್ಷಣದ ಹಕ್ಕು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಆರನೇ ವಯಸ್ಸಿಗೇ ಶುರು. ಅದಕ್ಕೆ ಹಿಂದಿನ ಮೂರು ವರ್ಷ ಯೋಜನೆಗಳ ಮರ್ಜಿಯಲ್ಲಿದೆ. ಹಕ್ಕು ಮೂರಕ್ಕೇ ಆರಂಭವಾಗಬೇಕು, ಅಂಗನವಾಡಿ ಕಾರ್ಯಕರ್ತೆಯ ಜೊತೆ ಸಹಾಯಕಿಗೂ ತರಬೇತಿ ಸಿಗಬೇಕು. ಅಲ್ಲಿಯವರೆಗೆ ಹೆತ್ತವರಿಗೆ ಒಂದು ಮಾತು: ಮಗುವನ್ನು ಅಂಗನವಾಡಿಗೆ ಸೇರಿಸಲು ವಿಕಲಚೇತನ ಗುರುತಿನ ಚೀಟಿ ಕೈಗೆ ಬರಲೆಂದು ಕಾಯಬೇಡಿ. ಚೀಟಿಯ ಓಡಾಟಕ್ಕೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಮಗು ನಾಳೆಯಿಂದಲೇ ಹೋಗಲಿ.