ತಾಂಡೂರಿನ ತಕರಾರು ಅರ್ಜಿ

ತಾಂಡೂರು ವಿಧಾನಸಭಾ ಕ್ಷೇತ್ರದಿಂದ 1967ರಲ್ಲಿ ಗೆದ್ದ ಡಾ. ಮರ್ರಿ ಚೆನ್ನಾರೆಡ್ಡಿಯವರನ್ನು ಇಂದಿರಾ ಗಾಂಧಿ ದೆಹಲಿಗೆ ಕರೆಸಿಕೊಂಡು ಉಕ್ಕು, ಗಣಿ ಖಾತೆ ಕೊಟ್ಟರು. ರಾಜ್ಯಸಭೆಯ ಸದಸ್ಯತ್ವವೂ ಬಂತು. ಆದರೆ ತಾಂಡೂರು ಅವರನ್ನು ಬಿಡಲಿಲ್ಲ.

1956ರ ನವೆಂಬರ್ 1ರವರೆಗೂ ಕಲಬುರಗಿ ಜಿಲ್ಲೆಯ ತಾಲ್ಲೂಕಾಗಿದ್ದ ಊರು ಇದು. ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳ ಜತೆ ಇದೂ ಅಂದೇ ಆಂಧ್ರಪ್ರದೇಶಕ್ಕೆ ಸೇರಿತು.

ಚೆನ್ನಾರೆಡ್ಡಿಯವರ ಆಯ್ಕೆಯನ್ನು ಪ್ರಶ್ನಿಸಿದವರು ಆರ್ಯಸಮಾಜದ ರಾಮಚಂದ್ರರಾವ್. ನಿಜಾಮನ ಜೈಲಿನಲ್ಲಿ ಛಡಿಯೇಟು ತಿನ್ನುತ್ತಲೇ ಘೋಷಣೆ ಕೂಗಿ ಹೆಸರಿನ ಮುಂದೆ ‘ವಂದೇಮಾತರಂ’ ಗಳಿಸಿಕೊಂಡ ಆಸಾಮಿ, ಕೇಂದ್ರ ಸಚಿವರಿಗೆ ಹೆದರುವುದುಂಟೆ? ಕಾಲವೂ ಕೂಡಿಬಂದಿತ್ತು. 1966ರ ತಿದ್ದುಪಡಿಯಿಂದಾಗಿ ಚುನಾವಣಾ ತಕರಾರು ಅರ್ಜಿಗಳು ನ್ಯಾಯಮಂಡಳಿಗಳ ಕೈತಪ್ಪಿ ನೇರವಾಗಿ ಹೈಕೋರ್ಟಿಗೆ ಬರತೊಡಗಿದ್ದವು. 1968ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟ್, ಚುನಾವಣಾ ಅಕ್ರಮ ಸಾಬೀತಾಗಿದೆ ಎಂದು ಆಯ್ಕೆಯನ್ನು ರದ್ದುಮಾಡಿತು. ಚೆನ್ನಾರೆಡ್ಡಿ ಸಚಿವ ಸ್ಥಾನ ಬಿಟ್ಟರು. ಅದೇ ವರ್ಷದ ಕೊನೆಗೆ ಸುಪ್ರೀಂ ಕೋರ್ಟೂ ತೀರ್ಪನ್ನು ಎತ್ತಿಹಿಡಿಯಿತು. ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಎರಡು ಕೋರ್ಟುಗಳ ಕೆಲಸ ಎರಡು ವರ್ಷದೊಳಗೆ ಮುಗಿದಿತ್ತು; ಈಗ ಕೇಳಿದರೆ ಪವಾಡದಂತೆ ತೋರುತ್ತದೆ.

ಕಣಕ್ಕಿಳಿಯಲಾಗದ ಚೆನ್ನಾರೆಡ್ಡಿ ಬೀದಿಗಿಳಿದರು. 1969ರ ಪ್ರತ್ಯೇಕ ತೆಲಂಗಾಣ ಚಳವಳಿಯ ಮುಂದಾಳಾದರು. 1971ರ ಲೋಕಸಭಾ ಚುನಾವಣೆಯಲ್ಲಿ ಅವರ ತೆಲಂಗಾಣ ಪ್ರಜಾ ಸಮಿತಿ 10 ಸ್ಥಾನ ಗೆದ್ದು, ಅದೇ ವರ್ಷ ಕಾಂಗ್ರೆಸ್‌ನಲ್ಲಿ ಕರಗಿಹೋಯಿತು. 1974ರಲ್ಲಿ ಅವರು ಉತ್ತರಪ್ರದೇಶದ ರಾಜ್ಯಪಾಲರು, 1978ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ. ಕೋರ್ಟು ಮುಚ್ಚಿದ ಬಾಗಿಲನ್ನು ಪಕ್ಷ ತೆರೆದುಕೊಟ್ಟಿತು.

ಮುಂದಿನ ದಶಕಗಳಲ್ಲಿ ಈ ಗಡಿಸೀಮೆಯಿಂದ ಅಂಥ ಸದ್ದೇನೂ ಏಳಲಿಲ್ಲ. 2008ರ ಮರುವಿಂಗಡಣೆಯಲ್ಲಿ ತಾಂಡೂರು ಚೇವೆಳ್ಳ ಲೋಕಸಭಾ ಕ್ಷೇತ್ರಕ್ಕೆ ಹೋಯಿತು. ನಾರಾಯಣಖೇಡ ಹೊಸ ಜಹೀರಾಬಾದ್ ಕ್ಷೇತ್ರಕ್ಕೆ ಸೇರಿತು. 2009ರಲ್ಲಿ ಅಲ್ಲಿ ಗೆದ್ದವರು ಕಾಂಗ್ರೆಸ್‌ನ ಸುರೇಶ್ ಶೆಟ್ಕಾರ್, 2014ರಲ್ಲಿ ಟಿಆರ್‌ಎಸ್‌ನ ಬಿ.ಬಿ. ಪಾಟೀಲ್. 2019ರಲ್ಲಿ ಪಾಟೀಲರ ಗೆಲುವಿನ ಅಂತರ ಬರೀ 6,229 ಮತ.

ಸೋತ ಕಾಂಗ್ರೆಸ್‌ನ ಮದನ್ ಮೋಹನ್ ರಾವ್ ಹೈಕೋರ್ಟಿಗೆ ಹೋದರು. ಪಾಟೀಲರು ನಾಮಪತ್ರದ ಪ್ರಮಾಣಪತ್ರದಲ್ಲಿ ತಮ್ಮ ಮೇಲಿನ ಪ್ರಕರಣಗಳ ಪೂರ್ಣ ವಿವರ ಕೊಟ್ಟಿಲ್ಲ ಎಂಬುದು ಅವರ ಆಕ್ಷೇಪ. ವಿಚಾರಣೆಯಿಲ್ಲದೆ ಅರ್ಜಿ ವಜಾ ಆಗಬೇಕೆಂಬುದು ಪಾಟೀಲರ ವಾದ. ಇಂಥ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾನೂನೇ ಹೇಳುತ್ತದೆ. ಆದರೆ ವಿಚಾರಣೆ ಬೇಕೇ ಬೇಡವೇ ಎಂಬುದು ತೀರ್ಮಾನವಾಗುವ ಹೊತ್ತಿಗೇ 2023ರ ಜುಲೈ ಬಂದಿತ್ತು. ಅಷ್ಟರಲ್ಲಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತ್ತು. ಆಪಾದನೆ ನಿಜವೋ ಸುಳ್ಳೋ ಎಂಬುದಕ್ಕೆ ಅದು ಕೈಹಾಕಲಿಲ್ಲ. ಅಭ್ಯರ್ಥಿಯ ಪೂರ್ಣ ಹಿನ್ನೆಲೆ ತಿಳಿಯುವ ಹಕ್ಕು ಮತದಾರನಿಗಿದೆ, ವಿಚಾರಣೆ ನಡೆಯಲಿ ಎಂದಿತು.

ಅಷ್ಟರಲ್ಲಿ ಲೋಕಸಭೆಯ ಅವಧಿ ಒಂದು ವರ್ಷವೂ ಉಳಿದಿರಲಿಲ್ಲ. 2024ರ ಮಾರ್ಚ್‌ನಲ್ಲಿ ಪಾಟೀಲರು ಬಿಜೆಪಿ ಸೇರಿದರು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಅವರನ್ನು ಶೆಟ್ಕಾರ್ 46,188 ಮತಗಳಿಂದ ಸೋಲಿಸಿದರು.